ಹೈಬ್ರಿಡ್ ಟ್ರಾವೆಲ್ ಟ್ರೈಲರ್: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗೆ ಬೇಸಿಗೆ ರಜೆ ಹತ್ತಿರವಾದಾಗ, ಊರಿಂದ ಅಪ್ಪ ಅಮ್ಮ ಬರುವ ಹೊತ್ತಿಗೆ, ಮತ್ತೆ ಅಕ್ಟೋಬರ್‌ನ ಮೊದಲ ಚಳಿಗೆ, ಹೀಗೆ ವರ್ಷಕ್ಕೆ ಮೂರು ಸಲ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಅಳತೆಗಳೆಲ್ಲ ಅಮೆರಿಕದವು: ಪೌಂಡ್, ಅಡಿ, ಗ್ಯಾಲನ್, ಫ್ಯಾರನ್‌ಹೀಟ್.

## ಕೊಳ್ಳುವ, ಬಾಡಿಗೆಗೆ ತರುವ ಮುಂಚೆ

ಹೈಬ್ರಿಡ್ ಅಂದ್ರೆ ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡೋದಾ?

ಅಲ್ಲ. ಟ್ರಾವೆಲ್ ಟ್ರೈಲರ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಇದಕ್ಕೆ ಎಂಜಿನ್ನೇ ಇಲ್ಲ, ಕಾರು ಎಳೆದಷ್ಟೇ ಓಟ. ಗಟ್ಟಿ ಗೋಡೆಯ ಟ್ರೈಲರ್ ಒಂದು ಜಾತಿ, ನಿಂತಲ್ಲಿ ಎತ್ತಿ ಬಿಚ್ಚುವ ಬಟ್ಟೆ ಗೋಡೆಯ ಪಾಪ್-ಅಪ್ ಇನ್ನೊಂದು ಜಾತಿ. ಇದು ಎರಡರ ಮಿಶ್ರತಳಿ. ನಡುವೆ ಅಡುಗೆಮನೆ, ಬಚ್ಚಲು, ಸೋಫಾ ಇರುವ ಗಟ್ಟಿ ಪೆಟ್ಟಿಗೆ. ಹಿಂದೆ, ಮುಂದೆ, ಕೆಲವು ಮಾದರಿಗಳಲ್ಲಿ ಪಕ್ಕಕ್ಕೂ ಗೋಡೆಯ ಒಂದು ಭಾಗ ಕೆಳಕ್ಕೆ ಮಡಚಿಕೊಂಡು ಮಂಚವಾಗುತ್ತದೆ, ಅದರ ಮೇಲೆ ಟೆಂಟ್ ನಿಲ್ಲುತ್ತದೆ. ಜೇಕೋ ಕಂಪನಿಯ ಜೇ ಫೆದರ್ ಸಾಲಿನ ಕೆಲವು ಮಾದರಿಗಳು, ರಾಕ್‌ವುಡ್ ರೂ, ಫ್ಲ್ಯಾಗ್‌ಸ್ಟಾಫ್ ಶ್ಯಾಮ್‌ರಾಕ್ ಇವೆಲ್ಲ ಈ ಬಗೆಯವು. ಆರೇಳು ಜನ ಮಲಗುವಷ್ಟು ಜಾಗ ಸಿಕ್ಕರೂ ಉದ್ದ, ತೂಕ ಎರಡೂ ಹಿಡಿತದಲ್ಲಿರುತ್ತವೆ, ಅದು ಲಾಭ. ನಷ್ಟ ಒಂದೇ, ಬಟ್ಟೆ. ಮುಂದಿನ ಅರ್ಧ ಪ್ರಶ್ನೆಗಳು ಅದರದೇ.

ನಮ್ಮ ಒಡಿಸ್ಸಿ ಇದನ್ನ ಎಳಿಯುತ್ತಾ? ಡೀಲರ್ ಆಗುತ್ತೆ ಅಂದ

ಬಹುಪಾಲು ಇಲ್ಲ. ಹೋಂಡಾ ಒಡಿಸ್ಸಿಯ ಎಳೆಯುವ ಮಿತಿ 3,500 ಪೌಂಡ್. ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಖಾಲಿ ಇದ್ದಾಗಲೇ ಅದನ್ನು ಮುಟ್ಟಿರುತ್ತವೆ ಅಥವಾ ದಾಟಿರುತ್ತವೆ. ಡೀಲರ್ ಹೇಳುವುದು ಖಾಲಿ ತೂಕ. ಅದರ ಮೇಲೆ ಏನೇನು ಕೂಡುತ್ತದೆ ನೋಡಿ: ನೀರು ಗ್ಯಾಲನ್‌ಗೆ 8.3 ಪೌಂಡ್, 30 ಗ್ಯಾಲನ್ ತುಂಬಿದರೆ 250 ಪೌಂಡ್, ತುಂಬಿದ ಎರಡು ಗ್ಯಾಸ್ ಸಿಲಿಂಡರ್ ಸುಮಾರು 75, ಬ್ಯಾಟರಿ 50, ಆಮೇಲೆ ಹಾಸಿಗೆ, ಪಾತ್ರೆ, ಅಕ್ಕಿ, ಕುರ್ಚಿ, ಮಕ್ಕಳ ಸೈಕಲ್. 4,000 ಪೌಂಡ್‌ನ ಟ್ರೈಲರ್ ಹೊರಡುವ ಹೊತ್ತಿಗೆ ಸಲೀಸಾಗಿ 4,800 ಆಗಿರುತ್ತದೆ.

ಎಳೆಯುವ ಮಿತಿಗಿಂತ ಮೊದಲು ಸೋಲುವುದು ಇನ್ನೊಂದು ಲೆಕ್ಕ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಹಳದಿ-ಬಿಳಿ ಚೀಟಿ ಇರುತ್ತದೆ. ಜನ, ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದು 1,300 ಅಂದುಕೊಳ್ಳಿ. ಅಪ್ಪ ಅಮ್ಮ, ನೀವಿಬ್ಬರು, ಒಂದು ಮಗು ಸೇರಿ 700. ಟ್ರೈಲರ್‌ನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕಾರಿನ ಕೊಕ್ಕೆಯ ಮೇಲೆ ಕೂರಬೇಕು. 4,800ಕ್ಕೆ 600 ಎಂದು ಹಿಡಿಯಿರಿ. ಅಲ್ಲಿಗೆ 1,300 ಮುಗಿಯಿತು, ಡಿಕ್ಕಿಯಲ್ಲಿ ಒಂದು ಕೂಲರ್ ಇಡಲೂ ಜಾಗವಿಲ್ಲ. ಕೊಕ್ಕೆಯ ಭಾರ ಕಡಿಮೆ ಮಾಡಲೆಂದು ಸಾಮಾನನ್ನೆಲ್ಲ ಟ್ರೈಲರ್‌ನ ಹಿಂಬದಿಗೆ ತುಂಬಿದರೆ ಅದು ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸುತ್ತದೆ. ಹಾಗೆ ಶುರುವಾದ ಓಲಾಟ ಕಾರನ್ನೂ ಮಗುಚಬಲ್ಲದು.

5,000 ಪೌಂಡ್ ಎಳೆಯುವ ಎಸ್‌ಯುವಿಗೂ ಇದೇ ಲೆಕ್ಕ ಹಾಕಿ. ಟ್ರಕ್ ಸ್ಟಾಪ್‌ಗಳಲ್ಲಿ ಗಾಡಿಯನ್ನೇ ತೂಗುವ, ಕ್ಯಾಟ್ (CAT) ಎಂಬ ಹೆಸರಿನ ಕಟ್ಟೆ ಇರುತ್ತದೆ. ಸಾಮಾನು ತುಂಬಿಕೊಂಡು ಒಮ್ಮೆ ಅದರ ಮೇಲೆ ನಿಲ್ಲಿಸಿ, ಊಹೆಯ ಕೆಲಸವೇ ಉಳಿಯುವುದಿಲ್ಲ.

ಲೈಸೆನ್ಸ್ ಬೇರೆ ಬೇಕಾ?

ಈ ಗಾತ್ರಕ್ಕೆ ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು. ಕಾರಿನಲ್ಲಿ ಏಳು ಪಿನ್ನಿನ ಪ್ಲಗ್ ಮತ್ತು ಟ್ರೈಲರ್‌ನ ಬ್ರೇಕನ್ನು ಕಾರಿನಿಂದಲೇ ಹಿಡಿಸುವ ಬ್ರೇಕ್ ಕಂಟ್ರೋಲರ್ ಮಾತ್ರ ಇರಲೇಬೇಕು. ನಾಲ್ಕು ಪಿನ್ನಿನದರಲ್ಲಿ ದೀಪ ಉರಿಯುತ್ತದೆ, ಟ್ರೈಲರ್‌ನ ಬ್ರೇಕು ಹಿಡಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವಾಗ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಓಡುವಾಗ ಟ್ರೈಲರ್ ಒಳಗೆ ಯಾರೂ ಕೂರಬಾರದು, ಅಜ್ಜಿಗೆ ಮಲಗಬೇಕು ಅನ್ನಿಸಿದರೂ.

21 ಅಡಿ ಟ್ರೈಲರ್, 25 ಅಡಿ ಜಾಗ ಬುಕ್ ಮಾಡಿದ್ವಿ. ಹಿಡಿಸಲೇ ಇಲ್ಲ, ಯಾಕೆ?

21 ಅಡಿ ಅನ್ನುವುದು ಮಡಚಿಟ್ಟಾಗಿನ ಉದ್ದ. ಎರಡೂ ತುದಿಯ ಮಂಚ ಬಿಚ್ಚಿದರೆ ತಲಾ ನಾಲ್ಕೈದು ಅಡಿ ಬೆಳೆದು 30ರ ಹತ್ತಿರ ಹೋಗುತ್ತದೆ. ಮುಂದಿನ ಮಂಚ ಗ್ಯಾಸ್ ಸಿಲಿಂಡರ್‌ಗಳ ಮೇಲೆ ಚಾಚಿಕೊಳ್ಳುವುದರಿಂದ ಅಷ್ಟು ತೊಂದರೆ ಇಲ್ಲ. ಹಿಂದಿನದಕ್ಕೆ ಮರ, ಕಂಬ, ಬೇಲಿ ಅಡ್ಡ ಬರುತ್ತವೆ. ಬುಕ್ ಮಾಡುವಾಗ ಬಿಚ್ಚಿದ ಉದ್ದವನ್ನೇ ಲೆಕ್ಕಕ್ಕೆ ಹಿಡಿಯಿರಿ. ಟ್ರೈಲರ್ ಹಿಂದಕ್ಕೆ ತಳ್ಳುವಾಗ ಹಿಂಬದಿಗೆ ಕನಿಷ್ಠ ಆರು ಅಡಿ ಬಿಡಿ, ತಲೆಯ ಮೇಲಿನ ಕೊಂಬೆಯನ್ನೂ ನೋಡಿ. ಟೆಂಟ್ ಹರಿಯಲು ಒಂದು ಒಣಕೊಂಬೆ ಸಾಕು.

## ಬಿಚ್ಚುವುದು, ಮಡಚುವುದು

ಮೊದಲು ಏನು, ಆಮೇಲೆ ಏನು? ಪ್ರತಿ ಸಲ ಗೊಂದಲ ಆಗ್ತದೆ

ಕಾರಿನಿಂದ ಬಿಡಿಸುವ ಮುಂಚೆಯೇ ಎಡ-ಬಲ ಮಟ್ಟ ಮಾಡಬೇಕು. ತಗ್ಗಿರುವ ಕಡೆಯ ಚಕ್ರದ ಮುಂದೆ ಹಲಗೆ ಅಥವಾ ಪ್ಲಾಸ್ಟಿಕ್ ಬ್ಲಾಕ್ ಇಟ್ಟು ಅದರ ಮೇಲೆ ಹತ್ತಿಸಿ. ಆಮೇಲೆ ಎರಡೂ ಬದಿಯ ಚಕ್ರಕ್ಕೆ ಅಡೆಗಲ್ಲು. ಅಡೆ ಇಡದೆ ಕಾರು ಬಿಡಿಸಬೇಡಿ. ಕೊಕ್ಕೆ ಕಳಚಿದ ಮೇಲೆ ಟ್ರೈಲರ್‌ಗೆ ಬ್ರೇಕ್ ಇಲ್ಲ. ಕಾರು ಬಿಡಿಸಿ ಮುಂದಕ್ಕೆ ತೆಗೆದುಕೊಂಡು ಹೋಗಿ, ಮೂತಿಯ ಜಾಕ್ ತಿರುಗಿಸಿ ಹಿಂದು-ಮುಂದು ಮಟ್ಟ ಮಾಡಿ. ನಾಲ್ಕು ಮೂಲೆಯ ಜಾಕ್‌ಗಳನ್ನು ಇಳಿಸುವುದು ಆಮೇಲೆ.

ಆ ಮೂಲೆ ಜಾಕ್‌ಗಳ ಕೆಲಸ ಅಲುಗಾಟ ತಡೆಯುವುದು, ಭಾರ ಹೊರುವುದಲ್ಲ. ನೆಲ ಮುಟ್ಟಿದ ಮೇಲೆ ಅರ್ಧ ಸುತ್ತು ಬಿಗಿ ಸಾಕು. ಟ್ರೈಲರ್ ಎತ್ತಲು ಬಳಸಿದರೆ ಜಾಕ್ ಬಾಗುತ್ತದೆ, ಅದಕ್ಕಿಂತ ಕೆಟ್ಟದಾಗಿ ಚೌಕಟ್ಟು ತಿರುಚಿಕೊಳ್ಳುತ್ತದೆ. ಆಗ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಮಂಚದ ಗ್ಯಾಸ್ಕೆಟ್ (ಸಂದು ಮುಚ್ಚುವ ರಬ್ಬರ್ ಪಟ್ಟಿ) ಒಂದು ಮೂಲೆಯಲ್ಲಿ ಬಾಯಿ ಬಿಡುತ್ತದೆ.

ಮಂಚ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಮುಂದಿನ ಮಂಚ ಇಳಿಸುವ ಮುಂಚೆ ಕಾರಿನ ಹಿಂಬಾಗಿಲು ದೂರ ಇದೆಯೇ ನೋಡಿ. ಚಿಲಕ ತೆಗೆದ ಕೂಡಲೇ ಹಲಗೆ ದೊಪ್ಪನೆ ಬೀಳಬಹುದು, ಆದ್ದರಿಂದ ಒಂದು ಕೈ ಅದರ ಮೇಲೇ ಇರಲಿ.

ಮಡಚುವಾಗ ಬಟ್ಟೆ ಸಿಕ್ಕಿಹಾಕಿಕೊಂಡು ತೂತಾಯ್ತು. ಸರಿಯಾದ ಕ್ರಮ ಏನು?

ಇಬ್ಬರ ಕೆಲಸ ಇದು, ಒಬ್ಬರು ಒಳಗೆ, ಒಬ್ಬರು ಹೊರಗೆ. ಮೊದಲು ಟೆಂಟಿನ ಕಿಟಕಿಯ ಜಿಪ್ ಅರ್ಧ ತೆಗೆದಿಡಿ. ಇಲ್ಲದಿದ್ದರೆ ಒಳಗಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಬಟ್ಟೆ ಬಲೂನಿನಂತೆ ಉಬ್ಬಿ ಸಂದಿಗೆ ನುಗ್ಗುತ್ತದೆ. ದಿಂಬು, ದಪ್ಪ ಹೊದಿಕೆ ತೆಗೆಯಿರಿ. ಬಿಲ್ಲಿನಂತೆ ಬಾಗಿದ ಕಡ್ಡಿಗಳನ್ನು ಒಳಗಿನಿಂದ ಸಡಿಲಿಸಿ ಹಾಸಿಗೆಯ ಮೇಲೆ ಮಲಗಿಸಿ. ಹೊರಗಿನವರು ಹಲಗೆಯನ್ನು ಒಂದಡಿಯಷ್ಟು ಎತ್ತಿ ನಿಲ್ಲಬೇಕು. ಒಳಗಿನವರು ಎರಡೂ ಬದಿಯ ಬಟ್ಟೆಯನ್ನು, ಸೀರೆಯ ನೆರಿಗೆ ಹಿಡಿದಂತೆ, ಮಧ್ಯಕ್ಕೆ ಎಳೆದುಕೊಳ್ಳಬೇಕು. ಮತ್ತೆ ಒಂದಡಿ ಎತ್ತುವುದು, ಮತ್ತೆ ಎಳೆಯುವುದು.

ತೂತು ಬೀಳುವ ಜಾಗ ಯಾವಾಗಲೂ ಒಂದೇ: ಕೆಳಗಿನ ಎರಡು ಮೂಲೆ, ಹಿಂಜಿನ (ತಿರುಗುಕೀಲಿನ) ಪಕ್ಕ. ಚಿಲಕ ಹಾಕುವಾಗ ಕೊನೆಯ ಅರ್ಧ ಇಂಚಿಗೆ ಬಲ ಬೇಕಾಯಿತೆಂದರೆ ಏನೋ ಸಿಕ್ಕಿದೆ ಎಂದರ್ಥ. ಒತ್ತಬೇಡಿ, ಬಿಚ್ಚಿ ನೋಡಿ.

ಕೊರೆಯುವ ಚಳಿಯಲ್ಲಿ ಪಾರದರ್ಶಕ ವಿನೈಲ್ ಕಿಟಕಿ ಹಪ್ಪಳದಂತೆ ಗಡುಸಾಗಿರುತ್ತದೆ, ಮಡಚಿದರೆ ಸೀಳುತ್ತದೆ. ಹೀಟರ್ ಹಾಕಿ ಹತ್ತು ನಿಮಿಷ ಬೆಚ್ಚಗೆ ಮಾಡಿ ಮಡಚಿ.

ಅತ್ತೆ ಮಾವ ಬರ್ತಿದ್ದಾರೆ. ಅವರನ್ನ ಟೆಂಟ್ ಮಂಚದಲ್ಲಿ ಮಲಗಿಸಬಹುದಾ?

ಭಾರದ ಚಿಂತೆ ಬೇಡ; ಮಂಚದ ಬಳಿಯ ಚೀಟಿಯಲ್ಲಿ ಮಿತಿ ಬರೆದಿರುತ್ತದೆ, ಇಬ್ಬರು ದೊಡ್ಡವರಿಗೆ ಧಾರಾಳವಾಗಿ ಸಾಕು. ತೊಂದರೆ ಎತ್ತರದ್ದು. ಮಂಚ ಸೊಂಟದ ಮಟ್ಟದಲ್ಲಿದೆ, ಪಕ್ಕದಿಂದ ಹತ್ತುವಂತಿಲ್ಲ, ಒಳಗಿನಿಂದ ಮಂಡಿಯೂರಿ ತೆವಳಿ ಹೋಗಬೇಕು. ಗೋಡೆ ಬದಿಗೆ ಮಲಗಿದವರು ರಾತ್ರಿ ಏಳಬೇಕಾದರೆ ಪಕ್ಕದವರನ್ನು ದಾಟಿಯೇ ಬರಬೇಕು. ಮಂಡಿನೋವು ಇದ್ದವರಿಗೆ ಇದು ಶಿಕ್ಷೆ. ಹಿರಿಯರಿಗೆ ಒಳಗಿನ ಸೋಫಾ ಅಥವಾ ಊಟದ ಮೇಜು ಇಳಿಸಿ ಮಾಡುವ ಹಾಸಿಗೆ ಕೊಡಿ. ಬಚ್ಚಲು ಹತ್ತಿರ, ಹೀಟರ್ ಗಾಳಿಯೂ ತಾಗುತ್ತದೆ. ಟೆಂಟ್ ಮಕ್ಕಳಿಗಿರಲಿ, ಅವರು ಅದಕ್ಕಾಗಿಯೇ ಜಗಳ ಆಡುತ್ತಿರುತ್ತಾರೆ.

## ಬಟ್ಟೆ ಮತ್ತು ತೇವ

ಮಳೆಯಲ್ಲೇ ಮಡಚಿ ಬರಬೇಕಾಯ್ತು. ಈಗೇನ್ ಮಾಡಬೇಕ್ರಿ?

ಮನೆ ತಲುಪಿದ ದಿನವೇ ಬಿಚ್ಚಿ. ಹೆಚ್ಚೆಂದರೆ ಮಾರನೇ ದಿನ. ಬೆಚ್ಚಗಿನ ಹವೆಯಲ್ಲಿ ಎರಡು ದಿನದೊಳಗೆ ಬೂಷ್ಟು ಬೇರೂರುತ್ತದೆ, ಮೂರನೇ ದಿನ ವಾಸನೆ, ಆಮೇಲೆ ಕಪ್ಪು ಚುಕ್ಕೆ.

ಮಡಚುವ ಮುಂಚೆಯೇ ಮಾಡಬೇಕಾದ್ದು ಒಂದಿದೆ. ಹಳೆಯ ಟವೆಲ್‌ನಿಂದ ಹೊರಬದಿ ಒರೆಸಿ. ಹಾಸಿಗೆಯ ಮೇಲೆ ಒಂದು ಅಗ್ಗದ ಪ್ಲಾಸ್ಟಿಕ್ ಹಾಳೆ ಹರಡಿ, ಒದ್ದೆ ಬಟ್ಟೆ ಅದರ ಮೇಲೆ ಬೀಳುವಂತೆ ಮಡಚಿ. ಬಟ್ಟೆ ಒಂದು ಮಧ್ಯಾಹ್ನದಲ್ಲಿ ಒಣಗುತ್ತದೆ. ಫೋಮ್ ಹಾಸಿಗೆ ನೀರು ಕುಡಿದರೆ ಒಣಗಲು ವಾರ ಹಿಡಿಯುತ್ತದೆ.

ಅಂಗಳವಿಲ್ಲದ, ಅಪಾರ್ಟ್‌ಮೆಂಟಿನಲ್ಲಿರುವ ಮಂದಿಗೆ ಇದೇ ದೊಡ್ಡ ತಲೆನೋವು. ಟ್ರೈಲರ್ ಬಾಡಿಗೆ ಜಾಗದಲ್ಲಿ ನಿಂತಿದ್ದರೆ ಅಲ್ಲಿ ಬಿಚ್ಚಲು ಬಿಡುತ್ತಾರೆಯೇ ಎಂದು ಸಹಿ ಹಾಕುವ ಮುಂಚೆ ಕೇಳಿ. ಹಲವು ಕಡೆ ಬಿಡುವುದಿಲ್ಲ. ಬಿಡದಿದ್ದರೆ ಹೈಬ್ರಿಡ್ ನಿಮಗಲ್ಲ, ಪೂರ್ತಿ ಗಟ್ಟಿ ಗೋಡೆಯದನ್ನೇ ನೋಡಿ.

ಮಳೆನೇ ಬಂದಿಲ್ಲ, ಆದ್ರೂ ಬೆಳಿಗ್ಗೆ ಹಾಸಿಗೆ ಅಡಿ ಒದ್ದೆ. ಎಲ್ಲಿಂದ ನೀರು?

ನಿಮ್ಮದೇ ಉಸಿರು, ಬೆವರು. ನಾಲ್ಕು ಜನ ಒಂದು ರಾತ್ರಿ ಮಲಗಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಒಳಗೇ ಸೇರುತ್ತದೆ. ಸಂಜೆ ಅನ್ನ-ಸಾರು ಒಳಗೆ ಬೇಯಿಸಿದ್ದರೆ ಅದರ ಹಬೆ ಬೇರೆ. ಒಲೆಯಲ್ಲಿ ಒಂದು ಪೌಂಡ್ ಪ್ರೊಪೇನ್ ಉರಿದರೆ ಒಂದೂವರೆ ಪೌಂಡಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಹಲಗೆಯ ಕೆಳಗೆ ಬಯಲ ಚಳಿ, ಮೇಲೆ ಮೈ ಬಿಸಿ. ಆವಿ ಹಾಸಿಗೆಯನ್ನು ಹಾದು ತಣ್ಣನೆ ಹಲಗೆ ಮುಟ್ಟಿ ನೀರಾಗುತ್ತದೆ.

ಚಳಿ ಎಂದು ಎಲ್ಲ ಮುಚ್ಚಿದರೆ ಇದು ಹೆಚ್ಚುತ್ತದೆ. ಚಾವಣಿಯ ಗಾಳಿಕಿಂಡಿ ಒಂದು ಇಂಚು, ಎರಡೂ ಟೆಂಟಿನ ಕಿಟಕಿಯ ಮೇಲ್ತುದಿ ಎರಡು ಬೆರಳಗಲ ತೆರೆದಿಡಿ. ಹಾಸಿಗೆಯ ಅಡಿಗೆ ಮಕ್ಕಳು ಆಟವಾಡುವ, ಒಂದಕ್ಕೊಂದು ಕಚ್ಚಿಕೊಳ್ಳುವ ಫೋಮ್ ಹಾಳೆಗಳನ್ನು ಹಾಸಿ. ಚಳಿಗೂ ತಡೆ, ಹಲಗೆಯ ತಂಪು ಹಾಸಿಗೆಗೆ ತಾಗುವುದೂ ಇಲ್ಲ. ಬೆಳಿಗ್ಗೆ ಎದ್ದವರು ಹಾಸಿಗೆಯನ್ನು ಓರೆಯಾಗಿ ಎತ್ತಿ ನಿಲ್ಲಿಸಿ ಹೋಗಲಿ.

ಕಪ್ಪು ಚುಕ್ಕೆ ಬಂದಿದೆ, ಬ್ಲೀಚ್ ಹಾಕಿ ಉಜ್ಜಲಾ?

ಬೇಡ. ಬ್ಲೀಚ್ ಚುಕ್ಕೆಯ ಜೊತೆಗೆ ಹೊಲಿಗೆಯ ದಾರ, ನೀರು ತಡೆಯುವ ಲೇಪ ಎರಡನ್ನೂ ತಿನ್ನುತ್ತದೆ. ಪ್ರೆಶರ್ ವಾಷರ್ ಕೂಡ ಬೇಡ. ಬಟ್ಟೆ ಒಣಗಿದ ಮೇಲೆ ಮೃದು ಬ್ರಷ್‌ನಿಂದ ಪುಡಿ ಉದುರಿಸಿ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ಚುಕ್ಕೆಗಳಿಗೆ ಹಚ್ಚಿ 20 ನಿಮಿಷ ಬಿಟ್ಟು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಬಿಸಿಲಿಗೆ ಪೂರ್ತಿ ಒಣಗಲಿ. ವಾಸನೆ ಹೋಗುತ್ತದೆ, ಹಳೆಯ ಕಲೆಯ ನೆರಳು ಉಳಿದೇ ಉಳಿಯುತ್ತದೆ, ಅದಕ್ಕಾಗಿ ಉಜ್ಜಿ ಉಜ್ಜಿ ಬಟ್ಟೆ ತೆಳುವಾಗಿಸಬೇಡಿ.

ತೊಳೆದರೆ ನೀರು ತಡೆಯುವ ಗುಣವೂ ಸ್ವಲ್ಪ ಹೋಗುತ್ತದೆ. ನೀರು ಚಿಮುಕಿಸಿ ನೋಡಿ: ಕೆಸುವಿನೆಲೆಯ ಮೇಲಿನಂತೆ ಮುತ್ತಾಗಿ ಉರುಳಿದರೆ ಸರಿ, ಹೀರಿಕೊಂಡರೆ ಫ್ಯಾಬ್ರಿಕ್ ಗಾರ್ಡ್ ಸಿಂಪಡಿಸುವ ಕಾಲ. ಇದು ನೇಯ್ದ ಬಟ್ಟೆಗೆ. ವಿನೈಲ್ ಲೇಪದ ಬಟ್ಟೆಯಾದರೆ ಬಿಸಿಲಿನಿಂದ ಕಾಯುವ ದ್ರವ ಬೇರೆ ಸಿಗುತ್ತದೆ.

ಟೆಂಟ್ ಸೋರ್ತಿದೆ. ಬಟ್ಟೆನೇ ಬದಲಿಸಬೇಕಾ?

ಅವಸರ ಬೇಡ. ನೀರು ಬರುವ ದಾರಿ ಮೂರು, ಬಟ್ಟೆಯ ಮಧ್ಯಭಾಗ ಅವುಗಳಲ್ಲಿ ಅಪರೂಪ.

ಮೊದಲನೆಯದು ಕೆಳಅಂಚು. ಟೆಂಟಿನ ಬಟ್ಟೆ ಹಲಗೆಯ ಹೊರಬದಿಯಿಂದ ಕೆಳಕ್ಕೆ ಇಳಿದಿರಬೇಕು, ಮನೆಯ ಸೂರು ಗೋಡೆ ದಾಟಿ ಬರುವ ಹಾಗೆ. ಎಲಾಸ್ಟಿಕ್ ಸಡಿಲಾಗಿ ಅಥವಾ ವೆಲ್ಕ್ರೋ ಬಿಟ್ಟುಕೊಂಡು ಅಂಚು ಹಲಗೆಯ ಮೇಲೆ ಕೂತರೆ ಇಳಿದ ನೀರೆಲ್ಲ ನೇರ ಹಾಸಿಗೆಗೆ. ಐದು ನಿಮಿಷದ ರಿಪೇರಿ. ಎರಡನೆಯದು ಹೊಲಿಗೆ: ಸೂಜಿ ತೂತುಗಳಿಂದ ಹನಿ ಬಂದರೆ ಸೀಮ್ ಸೀಲರ್ ಹಚ್ಚಿ. ಹತ್ತಿ ಬೆರೆತ ಹೊಸ ಕ್ಯಾನ್ವಾಸ್ ಆದರೆ ಮೊದಲ ಎರಡು ಸಲ ನೆನೆಸಿ ಒಣಗಿಸಿ; ದಾರ ಉಬ್ಬಿ ತೂತು ತಾನೇ ಮುಚ್ಚುತ್ತದೆ. ಮೂರನೆಯದು ಬಟ್ಟೆ ಜೋತುಬಿದ್ದು ನೀರು ಮಡುಗಟ್ಟುವುದು. ಕಡ್ಡಿ ಬಿಗಿ ಇದ್ದರೆ ಆ ತೊಂದರೆ ಇಲ್ಲ.

ನಾಲ್ಕು ದಿನ ಬಿಡದ ಮಳೆ ಎಂದು ಗೊತ್ತಿದ್ದರೆ ಟೆಂಟಿನ ಮೇಲೆ ಹೊಳೆಯುವ ಹೊದಿಕೆ ಹೊದೆಸಿ ದೊಡ್ಡ ಕ್ಲಿಪ್ ಹಾಕಿ. ಇದೇ ಹೊದಿಕೆ ಬೇಸಿಗೆಯಲ್ಲಿ ಬಿಸಿಲನ್ನು ಹಿಂದಿರುಗಿಸುತ್ತದೆ, ಚಳಿಯಲ್ಲಿ ಗೋಡೆ ಬೆವರುವುದನ್ನು ತಗ್ಗಿಸುತ್ತದೆ. ಹೈಬ್ರಿಡ್‌ಗೆ ಕೊಳ್ಳುವ ಬಿಡಿಸಾಮಾನುಗಳಲ್ಲಿ ದುಡ್ಡಿಗೆ ತಕ್ಕ ಬೆಲೆ ಕೊಡುವುದು ಇದೊಂದೇ ಅಂದರೂ ನಡೆಯುತ್ತದೆ.

## ಅಡುಗೆ, ಕರೆಂಟು, ಬಚ್ಚಲು

ಒಳಗೆ ಒಗ್ಗರಣೆ ಹಾಕಬಹುದಾ?

ಹಾಕಿದರೆ ಆ ಇಂಗು, ಕರಿಬೇವಿನ ಘಮ ಮುಂದಿನ ವರ್ಷದ ಪ್ರವಾಸಕ್ಕೂ ಬರುತ್ತದೆ. ಎಣ್ಣೆಯ ಹಬೆ ಟೆಂಟ್ ಬಟ್ಟೆಗೆ ಅಂಟುತ್ತದೆ, ಅಂಟಿನ ಮೇಲೆ ದೂಳು, ದೂಳಿನ ಮೇಲೆ ಬೂಷ್ಟು. ವಿನೈಲಿಗೆ ಅರಿಸಿನ ತಾಗಿದರೆ ಹೋಗುವ ಮಾತೇ ಇಲ್ಲ. ಒಗ್ಗರಣೆ, ಹುರಿಯುವುದು, ದೋಸೆ ಎಲ್ಲ ಹೊರಗಿನ ಕ್ಯಾಂಪ್ ಒಲೆಯಲ್ಲಿ. ಕುಕ್ಕರ್ ಒಳಗೆ ಇಟ್ಟರೆ ಹಬೆಕಿಂಡಿಯ ಫ್ಯಾನ್ ಹಾಕಿ, ಟೆಂಟಿನ ಕಡೆಯ ಪರದೆ ಎಳೆಯಿರಿ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜರಡಿ ಇರಲಿ. ಸಾಸಿವೆ ಕಾಳು, ಅನ್ನದ ಅಗುಳು ಬಚ್ಚಲ ನೀರಿನ ಟ್ಯಾಂಕಿಗಿಳಿದರೆ ಅಲ್ಲೇ ಕೊಳೆತು ನಾರುತ್ತವೆ, ಟ್ಯಾಂಕಿನ ಮಟ್ಟ ತೋರಿಸುವ ಸೆನ್ಸರ್ ಮೇಲೆ ಕೂತು ಸುಳ್ಳು ಹೇಳಿಸುತ್ತವೆ.

ಕರಡಿ ಇರೋ ಜಾಗಕ್ಕೆ ತಗೊಂಡು ಹೋಗಬಹುದಾ?

ಬಟ್ಟೆ ಇರುವ ಗಾಡಿ ಯಾವುದೇ ಇರಲಿ, ಕರಡಿ ನಾಡಿನಲ್ಲಿ ಅದನ್ನು ಟೆಂಟ್ ಎಂದೇ ಲೆಕ್ಕಕ್ಕೆ ಹಿಡಿಯಿರಿ. ಯೆಲ್ಲೊಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಆರ್‌ವಿ (ಮನೆಗಾಡಿ) ಪಾರ್ಕ್‌ನಲ್ಲಿ ಗಟ್ಟಿ ಗೋಡೆಯವಕ್ಕೆ ಮಾತ್ರ ಪ್ರವೇಶ. ಕೆನಡಾದ ಲೇಕ್ ಲೂಯಿಸ್‌ನಲ್ಲಿ ಗಟ್ಟಿ ಗೋಡೆಯವರಿಗೆ ಒಂದು ಜಾಗ, ಬಟ್ಟೆಯವರಿಗೆ ವಿದ್ಯುತ್ ಬೇಲಿ ಹಾಕಿದ ಬೇರೆ ಜಾಗ. ಬುಕ್ ಮಾಡುವಾಗ 'ಟ್ರಾವೆಲ್ ಟ್ರೈಲರ್' ಎಂದಷ್ಟೇ ಒತ್ತಿ ಹೋದರೆ ಗೇಟಿನಿಂದ ವಾಪಸ್ ಬರಬೇಕಾದೀತು. ಯೊಸೆಮಿಟಿಯಂಥ ಕಡೆ ಪ್ರತಿ ಜಾಗದಲ್ಲೂ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ತುಪ್ಪ, ಉಪ್ಪಿನಕಾಯಿ, ಚಟ್ನಿಪುಡಿ ಅಷ್ಟೇ ಅಲ್ಲ, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಮಗುವಿನ ಲೋಷನ್ ಕೂಡ ಅದರೊಳಗೆ ಹೋಗಬೇಕು. ಟೆಂಟ್ ಮಂಚದಲ್ಲಿ ಕೂತು ಚಕ್ಕುಲಿ ತಿನ್ನುವುದು ಅಂತೂ ಬೇಡವೇ ಬೇಡ.

ಎಸಿ, ಇಂಡಕ್ಷನ್ ಒಟ್ಟಿಗೆ ಹಾಕಿದ್ರೆ ಟ್ರಿಪ್ ಆಗ್ತದೆ, ಯಾಕೆ?

ನಿಮಗೆ ಸಿಗುವುದು 120 ವೋಲ್ಟ್‌ನಲ್ಲಿ 30 ಆಂಪ್, ಅಂದರೆ 3,600 ವ್ಯಾಟ್. ಎಸಿ ಓಡುವಾಗ 13 ಆಂಪ್‌ನ ಆಸುಪಾಸು, 1,800 ವ್ಯಾಟ್ ಇಂಡಕ್ಷನ್ 15, ಬಿಸಿನೀರಿನ ಕರೆಂಟ್ ಕಾಯಿಲ್ 12, ಮೈಕ್ರೋವೇವ್ 12. ಇವುಗಳಲ್ಲಿ ಎರಡೇ ತುಂಬಾ ಆಯಿತು, ಮೂರು ಸಾಧ್ಯವಿಲ್ಲ. ಬಿಸಿನೀರನ್ನು ಗ್ಯಾಸಿಗೆ ಬದಲಿಸಿ, ಇಂಡಕ್ಷನ್ ಹಚ್ಚುವ ಹತ್ತು ನಿಮಿಷ ಎಸಿ ನಿಲ್ಲಿಸಿ. ಊರಿಂದ ತಂದ 230 ವೋಲ್ಟ್ ಮಿಕ್ಸರ್ ಇಲ್ಲಿ ಮುಲುಗುತ್ತದೆಯೇ ಹೊರತು ರುಬ್ಬುವುದಿಲ್ಲ. 110 ವೋಲ್ಟಿನದನ್ನು ಇಲ್ಲಿಯೇ ಕೊಳ್ಳಿ.

ಮನೇಲಿ ಪ್ಲಗ್ ಮಾಡೋಕೆ ಎಲೆಕ್ಟ್ರಿಷಿಯನ್ ಕರೆಸಿ 30 ಆಂಪ್ ಪಾಯಿಂಟ್ ಹಾಕಿಸಿದ್ರೆ ಸಾಕಲ್ವಾ?

ಹಾಕಿಸಿದ ಮೇಲೆ, ಟ್ರೈಲರ್ ಚುಚ್ಚುವ ಮುಂಚೆ, ಮಲ್ಟಿಮೀಟರ್ ಹಿಡಿಯಿರಿ. ಟ್ರೈಲರ್‌ನ ಟಿಟಿ-30 ಸಾಕೆಟ್ 120 ವೋಲ್ಟಿನದು. ನೋಡಲು ಅದು ಹಳೆಯ ಬಟ್ಟೆ ಡ್ರೈಯರ್‌ನ 30 ಆಂಪ್ ಸಾಕೆಟ್‌ನಂತೆಯೇ ಇದೆ, ಅದು 240. ಅಭ್ಯಾಸಬಲದಿಂದ 240 ಎಳೆದುಬಿಡುವ ಎಲೆಕ್ಟ್ರಿಷಿಯನ್‌ಗಳು ಕಡಿಮೆಯೇನಲ್ಲ. ಚುಚ್ಚಿದ ಕ್ಷಣಕ್ಕೆ ಬ್ಯಾಟರಿ ತುಂಬಿಸುವ ಕನ್ವರ್ಟರ್, ಮೈಕ್ರೋವೇವ್, ಫ್ರಿಜ್ಜಿನ ಬೋರ್ಡ್ ಸುಟ್ಟುಹೋಗುತ್ತವೆ. ಎರಡು ಚಪ್ಪಟೆ ತೂತುಗಳ ನಡುವೆ 120ರ ಸುತ್ತ ತೋರಿಸಬೇಕು. ಹೆಚ್ಚು ತೋರಿಸಿದರೆ ಮುಟ್ಟಬೇಡಿ.

ಹೀಟರ್ ರಾತ್ರಿಯಿಡೀ ಓಡ್ತದೆ, ಟೆಂಟಿನಲ್ಲಿ ಆದ್ರೂ ಚಳಿ. ಗ್ಯಾಸ್ ಬೇರೆ ಖಾಲಿ

ಬಟ್ಟೆಗೆ ಬಿಸಿ ತಡೆಯುವ ಶಕ್ತಿ ಇಲ್ಲ. 20 ಪೌಂಡ್ ಸಿಲಿಂಡರ್‌ನಲ್ಲಿ ಸುಮಾರು 4,30,000 ಬಿಟಿಯು (ಶಾಖದ ಅಳತೆ) ಇದೆ. ಗಂಟೆಗೆ 20,000 ಬಿಟಿಯು ಹೀಟರ್ ನಿಲ್ಲದೆ ಉರಿದರೆ 21 ಗಂಟೆ, ಅಂದರೆ ಎರಡು ಚಳಿಯ ರಾತ್ರಿ. ಗ್ಯಾಸ್‌ಗಿಂತ ಮುಂಚೆ ಬ್ಯಾಟರಿ ಮಲಗುವುದೂ ಉಂಟು, ಏಕೆಂದರೆ ಹೀಟರ್‌ನ ಫ್ಯಾನ್ ಓಡುವುದು ಅದರಿಂದ. ಕೋಣೆ ಬಿಸಿ ಮಾಡುವುದಕ್ಕಿಂತ ಹಾಸಿಗೆ ಬಿಸಿ ಮಾಡಿ: ಕರೆಂಟ್ ಇದ್ದರೆ ಎಲೆಕ್ಟ್ರಿಕ್ ಬ್ಲ್ಯಾಂಕೆಟ್ ಹಾಸಿಗೆಯ ಮೇಲಿರಲಿ, ಇಲ್ಲದಿದ್ದರೆ ಒಳ್ಳೆ ಸ್ಲೀಪಿಂಗ್ ಬ್ಯಾಗ್. ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದು ಪ್ರಾಣಕ್ಕೆ ಸಂಚಕಾರ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ. ಅದರ ಡಿಟೆಕ್ಟರ್‌ಗೂ, ಗ್ಯಾಸ್ ಡಿಟೆಕ್ಟರ್‌ಗೂ ಆಯಸ್ಸು ಐದರಿಂದ ಏಳು ವರ್ಷ. ಬೆನ್ನ ಮೇಲಿನ ತಾರೀಕು ಓದಿ.

ನಾವು ಪೇಪರ್ ಅಲ್ಲ, ನೀರು ಬಳಸೋರು. ಟಾಯ್ಲೆಟ್ ಟ್ಯಾಂಕ್‌ಗೆ ತೊಂದ್ರೆ ಆಗುತ್ತಾ?

ಒಳ್ಳೆಯದೇ ಆಗುತ್ತದೆ. ಈ ಟ್ಯಾಂಕ್ ಕಟ್ಟಿಕೊಳ್ಳಲು ಕಾರಣ ನೀರಿನ ಕೊರತೆ ಮತ್ತು ಪೇಪರ್. ಚೊಂಬಿನವರಿಗೆ ಎರಡೂ ಇಲ್ಲ. ಬದಲಿಗೆ ಬೇಗ ತುಂಬುತ್ತದೆ: ಟ್ಯಾಂಕ್ 30 ಗ್ಯಾಲನ್ ಇದ್ದರೆ, ಐದು ಜನ ದಿನಕ್ಕೆ ಒಟ್ಟು 10 ಗ್ಯಾಲನ್ ಬಳಸಿದರೂ ಮೂರನೇ ದಿನ ಖಾಲಿ ಮಾಡಬೇಕು. ಚರಂಡಿಗೆ ಕೊಳವೆ ಜೋಡಿಸಿದ ಜಾಗದಲ್ಲೂ ಈ ಟ್ಯಾಂಕಿನ ಕವಾಟ ಮುಚ್ಚಿಯೇ ಇರಲಿ. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಮಾತ್ರ ಗುಡ್ಡೆಯಾಗಿ ಉಳಿಯುತ್ತದೆ, ಆಮೇಲೆ ಅದು ಕಲ್ಲು. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಗೇ ಬಿಡಿ, ಅದರ ಹಿಂದೆಯೇ ಬಚ್ಚಲ ನೀರು ಬಿಟ್ಟು ಕೊಳವೆ ತೊಳೆಯಿರಿ.

## ಅನುಭವ ಆದವರಿಗೆ

ಓಡುವಾಗ ಮಳೆ ಬಂದ್ರೆ ಮಾತ್ರ ಮಂಚ ಒದ್ದೆ. ನಿಂತಾಗ ಸರಿ ಇರುತ್ತೆ

ಹಾಗಾದರೆ ಟೆಂಟಿನದಲ್ಲ, ಮಂಚದ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್‌ನ ದೋಷ. ಗಂಟೆಗೆ 60 ಮೈಲಿಯಲ್ಲಿ ಮಳೆ ಅಡ್ಡಕ್ಕೆ ಹೊಡೆಯುತ್ತದೆ, ವರ್ಷಗಟ್ಟಲೆ ಒತ್ತಿ ಚಪ್ಪಟೆಯಾದ ರಬ್ಬರ್ ಅದನ್ನು ತಡೆಯದು. ಪರೀಕ್ಷೆ ಸುಲಭ: ಒಂದು ಡಾಲರ್ ನೋಟನ್ನು ಅಂಚಿನಲ್ಲಿಟ್ಟು ಬಾಗಿಲು ಮುಚ್ಚಿ ಚಿಲಕ ಹಾಕಿ, ನೋಟು ಎಳೆಯಿರಿ. ಬಿಗಿಯಾಗಿ ಜಗ್ಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲೇ ಸಂದು. ಸುತ್ತಲೂ ಒಂದೊಂದು ಅಡಿಗೆ ಹೀಗೆ ನೋಡಿ ಚಾಕ್‌ನಿಂದ ಗುರುತು ಹಾಕಿ. ಒಂದೇ ಬದಿ ಸಡಿಲಿದ್ದರೆ ಚಿಲಕ ಬಿಗಿ ಮಾಡಿದರೆ ಸಾಕಾಗಬಹುದು, ಸುತ್ತಲೂ ಸಡಿಲಿದ್ದರೆ ಗ್ಯಾಸ್ಕೆಟ್ ಬದಲಿಸಿ. ಹೊಸದಕ್ಕೆ ವರ್ಷಕ್ಕೆರಡು ಸಲ ಸಿಲಿಕೋನ್ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಉಬ್ಬುತ್ತದೆ.

ಚಾವಣಿಗೆ ಅಂಗಡಿ ಸಿಲಿಕೋನ್ ಹಚ್ಚಬಹುದಾ?

ಬೇಡ. ರಬ್ಬರ್ ಚಾವಣಿಗೆ ಅದು ನಿಲ್ಲುವುದಿಲ್ಲ, ಅದರ ಮೇಲೆ ಮುಂದೆ ಬೇರೇನೂ ಅಂಟುವುದೂ ಇಲ್ಲ. ತಾನೇ ಹರಡಿ ಮಟ್ಟವಾಗುವ ಡೈಕರ್ ಸೀಲಂಟ್ ಬಳಸಿ. ಮೂರು ತಿಂಗಳಿಗೊಮ್ಮೆ ಏಣಿ ಹಾಕಿ ಗಾಳಿಕಿಂಡಿ, ಆಂಟೆನಾ, ಅಂಚಿನ ಪಟ್ಟಿಯ ಸುತ್ತ ಕೂದಲೆಳೆ ಬಿರುಕು ಹುಡುಕಿ.

ಟೈರ್ ನೋಡೋಕೆ ಹೊಸದೇ ಇದೆ, ಆದ್ರೂ ಒಡೀತು. ಹೇಗೆ?

ಟ್ರೈಲರ್ ಟೈರು ಸವೆದು ಸಾಯುವುದು ಕಡಿಮೆ, ನಿಂತು ನಿಂತು ಮುದಿಯಾಗಿ ಸಾಯುತ್ತದೆ. ಪಕ್ಕೆಯ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರ. ಐದಾರು ವರ್ಷವಾದರೆ ಗೆರೆ ಎಷ್ಟೇ ಇರಲಿ, ಬದಲಿಸಿ. ಗಾಳಿ ಕಡಿಮೆ ಇದ್ದರೆ ಪಕ್ಕೆ ಬಾಗಿ ಬಾಗಿ ಕಾಯುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ಪಕ್ಕೆಯ ಮೇಲೆ ಬರೆದ ಪಿಎಸ್ಐಗೆ ತುಂಬಿಸಿ. ಚಕ್ರ ತೆಗೆದು ಹಾಕಿದ್ದರೆ 10, 25, 50 ಮೈಲಿಗೆ ನಟ್ಟು ಮತ್ತೆ ಬಿಗಿ ನೋಡಿ.

ಚಕ್ರದ ಬೇರಿಂಗ್‌ಗೆ ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೆ ಗ್ರೀಸ್. ಗ್ರೀಸ್ ಗನ್ ಹಿಡಿದು ಜೋರಾಗಿ ಒತ್ತಿದರೆ ಹಿಂದಿನ ಸೀಲ್ ಹಾರಿ ಗ್ರೀಸ್ ಬ್ರೇಕಿಗೆ ಬೀಳುತ್ತದೆ. ಚಕ್ರ ತಿರುಗಿಸುತ್ತಾ ನಿಧಾನ ಒತ್ತಿ. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗ ಚಕ್ರದ ನಡುವಿನ ಹಬ್ ಮೇಲೆ ಅಂಗೈ ಇಡಿ: ಬೆಚ್ಚಗಿದ್ದರೆ ಸರಿ, ಇಡಲಾರದಷ್ಟು ಸುಟ್ಟರೆ ಮುಂದೆ ಹೋಗಬೇಡಿ.

ಚಳಿಗಾಲಕ್ಕೆ ಮುಚ್ಚಿಡೋ ಕ್ರಮ ಹೇಳಿ. ನಾವಿರೋದು ಡಲ್ಲಾಸ್, ಬೇಕಾ?

ಬೇಕು. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿದ್ದು ನೆನಪಿದೆಯಲ್ಲ. ಕೊಳವೆ ಒಡೆಯಲು ಒಂದು ರಾತ್ರಿ ಸಾಕು.

ನೀರಿನ ಟ್ಯಾಂಕ್ ಖಾಲಿ ಮಾಡಿ. ಬಿಸಿನೀರಿನ ಪೆಟ್ಟಿಗೆ ತಣ್ಣಗಾದ ಮೇಲೆ, ಒತ್ತಡ ಬಿಟ್ಟು, ಅದರ ಬಿರಡೆ ತೆಗೆಯಿರಿ. ಬಿಸಿ ಇರುವಾಗ ತೆಗೆದರೆ ಕುದಿನೀರು ಮುಖಕ್ಕೆ. ಅದರೊಳಗೆ ಆಂಟಿಫ್ರೀಜ್ (ಹೆಪ್ಪುಗಟ್ಟದ ದ್ರವ) ಹೋಗದಂತೆ ಬೈಪಾಸ್ ಕವಾಟ ತಿರುಗಿಸಿ, ಇಲ್ಲದಿದ್ದರೆ ಆರು ಗ್ಯಾಲನ್ ದ್ರವ ವ್ಯರ್ಥ. ಪಂಪಿನ ಹೀರುಕೊಳವೆಯನ್ನು ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ ಡಬ್ಬಿಗೆ ಇಳಿಸಿ, ಎರಡು ಮೂರು ಗ್ಯಾಲನ್ ಬೇಕು. ಕಾರಿನ ಹಸಿರು ದ್ರವ ವಿಷ, ಅದು ಬೇಡ. ಒಂದೊಂದೇ ನಲ್ಲಿ, ಬಿಸಿ ಬೇರೆ ತಣ್ಣಗಿನದು ಬೇರೆ, ಗುಲಾಬಿ ಬರುವವರೆಗೆ ಬಿಡಿ. ಟಾಯ್ಲೆಟ್ ಮರೆಯುವುದಿಲ್ಲ ಯಾರೂ. ಮರೆಯುವುದು ಹೊರಗಿನ ಷವರ್, ವಸಂತದಲ್ಲಿ ಒಡೆದು ಸಿಗುವುದೂ ಅದೇ. ಸಿಂಕ್, ಬಚ್ಚಲ ತೂಬಿಗೆ ಒಂದೊಂದು ಕಪ್ ಸುರಿಯಿರಿ.

ಬ್ಯಾಟರಿ ಪೂರ್ತಿ ತುಂಬಿಸಿ ಬಿಡಿಸಿಡಿ. ಖಾಲಿ ಬ್ಯಾಟರಿ 20 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೇ ಹೆಪ್ಪುಗಟ್ಟಿ ಒಡೆಯುತ್ತದೆ. ಟೆಂಟ್ ಒಣಗಿದೆಯೇ ಎಂದು ಕೈಯಿಂದಲ್ಲ, ಹೊಲಿಗೆಯ ಮಡಿಕೆಯಲ್ಲಿ ಟಿಶ್ಯೂ ಒತ್ತಿ ನೋಡಿ. ಒಂದು ಅಗುಳು ಅಕ್ಕಿಯೂ ಒಳಗೆ ಉಳಿಯಬಾರದು. ಮಡಚಿದ ಟೆಂಟ್ ಇಲಿಗೆ ಹೇಳಿಮಾಡಿಸಿದ ಗೂಡು, ಕೆಳಗಿನ ಕೊಳವೆ ತೂತುಗಳಿಗೆ ಸ್ಟೀಲ್ ವುಲ್ ತುರುಕಿ.

ವಸಂತದಲ್ಲಿ ಬಿಸಿನೀರಿನ ಕಾಯಿಲ್ ಸುಟ್ಟುಹೋಯ್ತು. ಏನು ತಪ್ಪಾಯ್ತು?

ಬೈಪಾಸ್ ವಾಪಸ್ ತಿರುಗಿಸಿಲ್ಲ. ಪೆಟ್ಟಿಗೆ ಖಾಲಿ, ಕಾಯಿಲ್ ಗಾಳಿಯಲ್ಲಿ ಕಾದು ನಿಮಿಷಗಳಲ್ಲಿ ಹೋಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ನೀರು ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ ಒತ್ತಿ. ಅದಕ್ಕೂ ಮುಂಚೆ ಟ್ಯಾಂಕ್ ಶುದ್ಧಿ: 15 ಗ್ಯಾಲನ್‌ಗೆ ಕಾಲು ಕಪ್ ಬ್ಲೀಚ್, ನೀರಲ್ಲಿ ಕದಡಿ ಹಾಕಿ, ಎಲ್ಲ ನಲ್ಲಿಯಲ್ಲೂ ವಾಸನೆ ಬಂದ ಮೇಲೆ ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವವರೆಗೆ ಎರಡು ಸಲ ತುಂಬಿ ಚೆಲ್ಲಿ.

ಹಳೇದು ಕೊಳ್ತಿದ್ದೀನಿ. ಏನೇನು ನೋಡಲಿ?

ಮಡಚಿಟ್ಟದ್ದನ್ನು ನೋಡಿ ದುಡ್ಡು ಕೊಡಬೇಡಿ. ಮಾರುವವರು 'ನಿನ್ನೆಯಷ್ಟೇ ಒಣಗಿಸಿ ಮಡಚಿದ್ದು' ಎಂದರೂ ಎಲ್ಲ ಮಂಚ ಬಿಚ್ಚಿಸಿ, ಮೂಗು ಒಡ್ಡಿ. ಹಾಸಿಗೆ ಎತ್ತಿ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ. ಹಿಂಜಿನ ಅಂಚಿನಲ್ಲಿ ಮೆತ್ತಗಿದ್ದರೆ ಪ್ಲೈವುಡ್ ಕೊಳೆತಿದೆ. ಮಂಚದ ಬಾಗಿಲಿನ ಕೆಳಗಿನ ನೆಲದ ಮೇಲೆ ಹಿಮ್ಮಡಿ ಊರಿ ನಿಲ್ಲಿ. ಹೊರಗೋಡೆಯನ್ನು ಸಂಜೆಯ ಓರೆ ಬಿಸಿಲಿನಲ್ಲಿ ಪಕ್ಕದಿಂದ ದಿಟ್ಟಿಸಿದರೆ, ನೀರು ಸೇರಿ ಪದರ ಬಿಟ್ಟ ಕಡೆ ಗುಳ್ಳೆ ಎದ್ದಿರುವುದು ಕಾಣುತ್ತದೆ. ಟೆಂಟ್ ಹರಿದಿದ್ದರೆ ಹೊಲಿಸಬಹುದು, ಹೊಸದನ್ನೇ ತರಿಸಲೂಬಹುದು. ಗೋಡೆ ಗುಳ್ಳೆ ಎದ್ದಿದ್ದರೆ ಬೆಲೆ ಎಷ್ಟು ಇಳಿಸಿದರೂ ಬಿಟ್ಟು ಬನ್ನಿ.